ಹುಳದಪ್ಪನ ಟ್ಯಾಂಕು

ನನ್ನ ಗಂಡನನ್ನು ದೋಣಿಯವರೆಲ್ಲ ಹುಳದಪ್ಪ ಅನ್ನುತ್ತಿದ್ದರು. ಪ್ರವಾಸಿಗರ ದೋಣಿ, ಎಂಬತ್ತು ಜನ ಮಲಗುವಂಥದ್ದು. ಅದರ ತಳದಲ್ಲಿ, ಎಂಜಿನ್ ಪಕ್ಕ, ನಮ್ಮ ಅಡುಗೆಮನೆಯಷ್ಟು ದೊಡ್ಡ ಟ್ಯಾಂಕು. ಅದನ್ನು ನೋಡಿಕೊಳ್ಳೋದು ಇವರ ಕೆಲಸ. ಕಕ್ಕಸಿನ ನೀರೆಲ್ಲ ಅಲ್ಲಿಗೆ. ಒಳಗೆ ಕಣ್ಣಿಗೆ ಕಾಣದ ಹುಳ. ಪ್ಲಾಸ್ಟಿಕ್ ಬಿಲ್ಲೆಗಳಿಗೆ ಅಂಟಿಕೊಂಡು ಹೊಲಸು ತಿಂದು ಬದುಕುತ್ತವೆ. ಗಾಳಿಪಂಪು ನಿಂತರೆ ಉಸಿರುಗಟ್ಟಿ ಸಾಯುತ್ತವೆ. ಕೊನೆಗೆ ಬರುವ ನೀರು ತಿಳಿ. ಅದೇ ಮತ್ತೆ ಕಕ್ಕಸಿಗೆ.

"ಏನಯ್ಯಾ ಹುಳದಪ್ಪ, ಮಕ್ಕಳು ಉಂಡ್ವಾ?" ಅಂತ ಅಡುಗೆಯವನು ಕೇಳೋನು.

"ಉಂಡ್ವು. ಇವತ್ತು ನಿಂದೇ ಸ್ವಲ್ಪ ಕಮ್ಮಿ."

ಇವರು ಒಳ್ಳೆಯವರು ಅಂತ ಬರೆಯಲಾರೆ. ಕೈ ಮುಂದು. ಒಂದು ಸಲ ಹೊಡೆದಾಗ ನನ್ನ ಕಿವಿಯಲ್ಲಿ ರಕ್ತ ಬಂತು, ಎಡಗಿವಿ ಈಗಲೂ ಮಂದ. ಟ್ಯಾಂಕಿನ ಮುಚ್ಚಳ ತೆಗೆದು ಮೂಸುವಾಗ ಮಾತ್ರ ಮುಖ ಮೆತ್ತಗಾಗುತ್ತಿತ್ತು. "ಮೂಸಿ ನೋಡೇ, ಒದ್ದೆ ಮಣ್ಣಿನ ವಾಸನೆ." ಮೂಸಿದೆ. ನಿಜವೇ.

ದೋಣಿ ಮಾಲೀಕನ ಭಾಮೈದ ಅಲ್ಲಿನ ಮೇಲ್ವಿಚಾರಕ. ದೊಡ್ಡ ಮನುಷ್ಯರು ಬರುತ್ತಾರೆ ಅಂತ ಕಕ್ಕಸುಗಳಿಗೆಲ್ಲ ಆಸಿಡ್ ಸುರಿಸಿದ. ಕಕ್ಕಸು ಬೆಳ್ಳಗಾಯಿತು. ಆಸಿಡ್ ಟ್ಯಾಂಕಿಗೆ ಇಳಿಯಿತು. ಎರಡೇ ದಿನಕ್ಕೆ ನೀರು ಕರ್ರಗೆ, ಕೊಳೆತ ಮೊಟ್ಟೆಯ ನಾತ. ಹುಳ ಅಷ್ಟೂ ಸತ್ತಿದ್ದವು.

ಅವತ್ತು ಊಟದ ಡಬ್ಬಿ ಕೊಡೋಕೆ ಹೋಗಿದ್ದೆ. ಕೆಳಗೆ ಇವರಿಗೂ ಭಾಮೈದನಿಗೂ ಜಗಳ ನಡೆದಿತ್ತು.

"ಹದಿನೈದು ದಿನ ದೋಣಿ ಕಟ್ಟಿಹಾಕಿ. ಬೇರೆ ದೋಣಿಯಿಂದ ಹುಳ ಇರೋ ಕೆಸರು ತಂದು ಹೆಪ್ಪು ಹಾಕ್ತೀನಿ," ಅಂತ ನನ್ನ ಗಂಡ.

"ತಲೆ ನೆಟ್ಟಗಿದೆಯಾ? ನದಿ ಕಡೆ ವಾಲ್ವ್ ತಿರುಗಿಸು. ಹರಿದು ಹೋಗ್ಲಿ."

"ಕೆಳಗಡೆ ಜನ ಕೊಡ ತುಂಬ್ತಾರೆ."

"ಅವರೇನು ನಿನ್ನ ನೆಂಟರಾ?"

"ನನ್ನ ಹೆಂಡ್ತಿನೂ ಅಲ್ಲೇ ತುಂಬೋದು ಕಣೋ."

ಭಾಮೈದ ವಾಲ್ವಿಗೆ ಕೈ ಹಾಕಿದ. ಮೊದಲು ಹೊಡೆದದ್ದು ನನ್ನ ಗಂಡನೇ, ಸ್ಪ್ಯಾನರಿನಲ್ಲಿ. ಅವನ ಮುಂಗೈ ಲಟಕ್ಕಂತ ಮುರಿಯಿತು. ಪೊಲೀಸರಿಗೆ ಅದನ್ನೂ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. ಅವನು ಇನ್ನೊಂದು ಕೈಯಲ್ಲಿ ಸಲಾಕೆ ಎತ್ತಿದ. ಇವರ ಭುಜಕ್ಕೆ ಬಿತ್ತು. ಇವರು ಕುಸಿದವರೇ ವಾಲ್ವನ್ನು ತಬ್ಬಿಕೊಂಡರು. ಬೆರಳಿನ ಮೇಲೆ ಹೊಡೆದ. ಬಿಡಲಿಲ್ಲ. ಮತ್ತೆ ಹೊಡೆದ. ಬಿಡಲಿಲ್ಲ. ನಾನು ಅವನ ಕೂದಲು ಹಿಡಿದು ಎಳೆದೆ, ಹೆಗಲು ಕಚ್ಚಿದೆ, ಬಾಯಿಗೆ ರಕ್ತ ಬಂತು. ಒದ್ದ. ಮೆಟ್ಟಿಲ ಬುಡಕ್ಕೆ ಹೋಗಿ ಬಿದ್ದೆ. ಆಮೇಲಿನ ಏಟು ಇವರ ತಲೆಗೆ. ಎಂಜಿನ್ನಿನವರು ಓಡಿ ಬಂದು ಅವನನ್ನು ಕೆಡವಿದರು. ತಡವಾಗಿತ್ತು.

ಆಸ್ಪತ್ರೆಯಲ್ಲಿ ಮೂರು ದಿನ ಜೀವ ಹಿಡಿದಿದ್ದರು, ಅಷ್ಟೇ. ಎಚ್ಚರವಾದಾಗಲೆಲ್ಲ ಒಂದೇ ಮಾತು, "ವಾಲ್ವ್ ತೆಗೆದ್ರಾ?"

ಮೂರನೇ ದಿನ ಬೆಳಿಗ್ಗೆ ನೋಡೋಕೆ ನದಿಗೆ ಇಳಿದೆ. ಮಂಡಿವರೆಗೆ ಕಪ್ಪು ನೊರೆ. ದೋಣಿಯ ಪಕ್ಕೆಯಿಂದ ಪೈಪು ಸುರಿಯುತ್ತಿತ್ತು. ಭಾಮೈದ ಪೊಲೀಸ್ ಠಾಣೆಯಲ್ಲಿದ್ದ. ವಾಲ್ವ್ ತಿರುಗಿಸೋಕೆ ಅವನೇ ಆಗಬೇಕಾ? ಕೈ ಎಲ್ಲರಿಗೂ ಇದೆ. ಹೆಂಗಸರು ಖಾಲಿ ಕೊಡ ಹಿಡಿದು ಬೈಯುತ್ತಾ ನಿಂತಿದ್ದರು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ.

"ತೆಗೆದ್ರಾ?"

"ಇಲ್ಲ. ಮುಚ್ಚೇ ಇದೆ," ಅಂದೆ.

ಮೂಗು ಅರಳಿತು. "ಸುಳ್ಳು ಬೊಗಳ್ತೀಯಾ? ನಿನ್ನ ಬಟ್ಟೆನೇ ನಾರ್ತಿದೆ."

ಹೊಡೆಯೋಕೆ ಕೈ ಎತ್ತಿದರು. ಬೆರಳಿಗೆಲ್ಲ ಬ್ಯಾಂಡೇಜು. ಅರ್ಧಕ್ಕೇ ನಿಂತಿತು. ನಾನೇ ಬಗ್ಗಿ ಕೆನ್ನೆ ಹತ್ತಿರ ತಂದೆ, ಹೊಡೆದುಬಿಡಲಿ ಅಂತ.

ತಾಗಲಿಲ್ಲ.