ಒಂಬತ್ತೋ, ಏಳೋ

ಲೀಲಾವತಿ ಬಳ್ಳಾರಿಯವಳು, ಕನ್ನಡದಷ್ಟೇ ಸಲೀಸಾಗಿ ತೆಲುಗು ಓದುತ್ತಿದ್ದಳು. ಗಂಡ ಗುರುಪ್ರಸಾದನಿಗೆ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ಆ ಊರಿನ ಅಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿದರು. ಅಲ್ಲಿಂದಲೇ ಅವಳು ವಿಜಯವಾಡದ ಪ್ರಕಾಶಕರೊಬ್ಬರಿಗೆ ಮಕ್ಕಳ ಪುಸ್ತಕಗಳ ಕರಡು ತಿದ್ದಿಕೊಡುತ್ತಿದ್ದಳು. ಇಪ್ಪತ್ತು ವರ್ಷ ತಪ್ಪು ಹುಡುಕಿ ಹುಡುಕಿ ಯಾವುದನ್ನೂ ಒಂದೇ ಸಲಕ್ಕೆ ನಂಬದ ಸ್ವಭಾವ ಬಂದಿತ್ತು. ಮದುವೆಯ ಕರೆಯೋಲೆ ಬಂದರೂ ತಿಥಿ ಸರಿಯಿದೆಯೇ ಎಂದು ಪಂಚಾಂಗ ತೆಗೆಯುತ್ತಿದ್ದಳು.

೨೦೦೮ರ ಬೇಸಗೆಯಲ್ಲಿ ಇಂಗ್ಲಿಷಿನಿಂದ ತೆಲುಗಿಗೆ ಅನುವಾದವಾದ ಒಂದು ಕರಡು ಬಂತು. ರೀವಾ ಎಂಬ ಯಹೂದಿ ಅಜ್ಜಿ ಮಕ್ಕಳಿಗಾಗಿ ಬರೆದ ಬಾಲ್ಯದ ನೆನಪುಗಳು. ಯುದ್ಧಕಾಲದ ಪೋಲೆಂಡಿನಲ್ಲಿ ನಾಜಿ ಸೈನಿಕರು ತಂದೆತಾಯಿಯನ್ನು ಹಿಡಿದೊಯ್ದ ಮೇಲೆ ಝೋಫಿಯಾ ಎಂಬ ರೈತ ವಿಧವೆ ಅವಳನ್ನು ತನ್ನ ತಂಗಿಯ ಮಗಳೆಂದು ಹೇಳಿ ಮನೆಯಲ್ಲಿಟ್ಟುಕೊಂಡಿದ್ದಳು. ಎರಡನೆಯ ಅಧ್ಯಾಯದಲ್ಲಿ ರೀವಾಗೆ ಒಂಬತ್ತು ತುಂಬುತ್ತದೆ. ಐದನೆಯದರಲ್ಲಿ, ಅದೇ ಚಳಿಗಾಲದಲ್ಲಿ, ‘ನನಗೆ ಏಳು ವರ್ಷ’ ಎನ್ನುತ್ತಾಳೆ.

ಲೀಲಾವತಿ ಅನುವಾದಕಿ ಕನಕದುರ್ಗಳಿಗೆ ಫೋನ್ ಮಾಡಿದಳು. "ಅವಸರದಲ್ಲಿ ಏನಾದರೂ ಬಿಟ್ಟಿರಾ?"

"ಇಂಗ್ಲಿಷಿನಲ್ಲಿ ಇದ್ದದ್ದನ್ನೇ ಬರೆದಿದ್ದೀನಿ, ಲೀಲಾವತಿ ಗಾರೂ," ಎಂದು ಆಕೆ ಪಟಕ್ಕನೆ ಫೋನಿಟ್ಟಳು.

ಅನುಮಾನ ಈಗ ಅಜ್ಜಿಯ ಕಡೆಗೇ ತಿರುಗಿತು. ವಿದೇಶದಲ್ಲಿ ಇಂಥದೇ ಒಂದು ಆತ್ಮಕಥೆ ಬರೀ ಕಟ್ಟುಕಥೆಯೆಂದು ಬಯಲಾದ ಸುದ್ದಿಯನ್ನು ಅವಳು ಪತ್ರಿಕೆಯಲ್ಲಿ ಓದಿದ್ದಳು. ಮತ್ತೆ ಮೊದಲಿನಿಂದ ಓದಿದರೆ ಪುಟಪುಟದಲ್ಲೂ ಏನೋ ಹುಳುಕು ಕಂಡಂತಾಯಿತು.

"ಯಾರೋ ಮುದುಕಿ ವಯಸ್ಸು ಮರೆತಿರಬೇಕು ಬಿಡು," ಎಂದ ಗುರುಪ್ರಸಾದ. "ನಿನ್ನ ಸಾಲಿ ಸರ್ಟಿಫಿಕೇಟಿನಾಗ ಇರೋ ಹುಟ್ಟಿದ ತಾರೀಖು ಖರೇ ಏನು?"

"ಅದು ಹೆಡ್‌ಮಾಸ್ತರು ಬರದಿದ್ದು. ನಾನೇನು ಅದನ್ನ ಪುಸ್ತಕ ಮಾಡಿ ಮಾರಾಕತ್ತಿಲ್ಲ."

ಮರುದಿನ ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದಳು. ಬೆಂಜ್ ಸರ್ಕಲ್ ಹಿಂದಿನ ಓಣಿಯಲ್ಲಿ ಪ್ರಕಾಶಕ ರಾಮಮೋಹನರ ಕಚೇರಿ.

"ನಿಜ ಅಂತ ಹೇಳಿ ಮಕ್ಕಳ ಕೈಗೆ ಕೊಡ್ತೀವಿ. ಸುಳ್ಳಾಗಿದ್ದರೆ? ಕೇಳದೆ ಅಚ್ಚಿಗೆ ಕಳಿಸಬೇಡಿ ಸರ್," ಎಂದಳು.

ರಾಮಮೋಹನರು ಗೊಣಗುತ್ತಲೇ ಲೇಖಕಿಗೆ ಇ-ಮೇಲ್ ಕಳಿಸಿದರು. ಹನ್ನೊಂದು ದಿನಕ್ಕೆ ಬಂದ ಉತ್ತರವನ್ನು ಪ್ರಿಂಟ್ ತೆಗೆಸಿ ಪೆಂಡುರ್ತಿಗೆ ಕಳಿಸಿಕೊಟ್ಟರು.

ರೀವಾ ಬರೆದಿದ್ದಳು: ‘ಝೋಫಿಯಾಳ ತಂಗಿಗೆ ನಿಜವಾಗಿಯೂ ಒಬ್ಬ ಮಗಳಿದ್ದಳು. ಜ್ವರ ಬಂದು ತೀರಿಕೊಂಡಿದ್ದಳು. ಚರ್ಚಿನವರು ಕೊಟ್ಟ ಅವಳ ಜನನಪತ್ರವೇ ನನ್ನ ಪತ್ರವಾಯಿತು. ಅವಳು ನನಗಿಂತ ಎರಡು ವರ್ಷ ಚಿಕ್ಕವಳು. ಹಾಗಾಗಿ ನಾನು ಏಳರವಳಾದೆ. ಒಂದು ದಿನ ಸೈನಿಕನೊಬ್ಬ ಗದ್ದ ಹಿಡಿದು ಬಾಯಿ ತೆರೆಸಿದ. ಏಳು ವರ್ಷಕ್ಕೆ ಇಷ್ಟು ಹಲ್ಲೇ ಎಂದು ಕೇಳಿದ. ನಮ್ಮ ಮನೆತನದಲ್ಲಿ ಹಲ್ಲು ಬೇಗ ಬರುತ್ತವೆ ಅಂದಳು ಝೋಫಿಯಾ. ಮಕ್ಕಳಿಗೆ ಗೊಂದಲವಾಗುತ್ತದೆಂದು ಇಂಗ್ಲಿಷ್ ಸಂಪಾದಕರು ಈ ಭಾಗ ಕತ್ತರಿಸಿದರು. ಆ ಸೈನಿಕನ ನಂತರ ನನ್ನ ವಯಸ್ಸನ್ನು ಇಷ್ಟು ಗಟ್ಟಿಸಿ ಕೇಳಿದವರು ನೀವೇ.’

ಲೀಲಾವತಿಗೆ ಮುಖಕ್ಕೆ ಹೊಡೆದಂತಾಯಿತು. ಆ ಮಗುವಿನ ಗದ್ದ ಹಿಡಿದದ್ದು ತನ್ನ ಕೈಯೇ ಅನ್ನಿಸಿತು. ಆದರೂ ಒಳಗೊಂದು ಎಳೆ ಬಿಡಲಿಲ್ಲ: ಇದೂ ಕಟ್ಟಿದ ಮಾತಾಗಿದ್ದರೆ? ನಾಚಿಕೊಳ್ಳುತ್ತಲೇ ರಾಮಮೋಹನರ ಮೂಲಕ ಆ ಜನನಪತ್ರದ ನಕಲು ಕೇಳಿದಳು. ಅಜ್ಜಿ ಬೇಸರಿಸದೆ ಕಳಿಸಿದಳು. ಅದರಲ್ಲಿದ್ದ ಹುಟ್ಟಿದ ತಾರೀಖು ಐದನೆಯ ಅಧ್ಯಾಯದ ಏಳು ವರ್ಷಕ್ಕೆ ತಾಳೆಯಾಯಿತು.

ಆಮೇಲೆ ಲೀಲಾವತಿಯೇ ಹಟ ಹಿಡಿದು, ಕತ್ತರಿಸಿದ್ದ ಭಾಗವನ್ನು ತರಿಸಿ ತೆಲುಗಿನಲ್ಲಿ ಸೇರಿಸುವಂತೆ ಮಾಡಿದಳು. "ಮಕ್ಕಳಿಗೆ ಗೊಂದಲ ಆಗಲ್ಲ ಸರ್. ಇಲ್ಲದಿದ್ದರೇನೇ ನನ್ನ ಹಾಗೆ ಅನುಮಾನ ಪಡ್ತಾರೆ," ಎಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಪುಸ್ತಕ ಹೊರಬಂತು. ರೀವಾಳ ಕ್ಷಮೆ ಕೇಳಿ ಬರೆದ ಕಾಗದಕ್ಕೆ ಎರಡೇ ಸಾಲಿನ ಒಳ್ಳೆಯ ಉತ್ತರವೂ ಬಂತು. ಕನಕದುರ್ಗ ಮಾತ್ರ ಒಂದು ವರ್ಷ ಲೀಲಾವತಿಯ ಫೋನ್ ಎತ್ತಲಿಲ್ಲ.