ಮೊದಲು ಟೆಸ್ಟರಿಗೇ ಪರೀಕ್ಷೆ

ಗೀಸರಿನ ಹಳೆಯ ಸ್ವಿಚ್ ಬಿಚ್ಚಿ ಒಳಗಿನ ತಂತಿಗೆ ಟೆಸ್ಟರ್ ಇಟ್ಟೆ. ದೀಪ ಹತ್ತಲಿಲ್ಲ. ಕರೆಂಟಿಲ್ಲವೆಂದು ತಂತಿ ಹಿಡಿಯಲು ಹೋದಾಗ ಮಗಳು ನನ್ನ ಮುಂಗೈ ಹಿಡಿದಳು.

"ಇರುಮ್ಮಾ. ಮೊದಲ್ಲ ಮಿಕ್ಸಿ ಪಾಯಿಂಟ್‌ಲ ವೆಚ್ಚು ಪಾರು."

ಮಿಕ್ಸಿಯ ಪಾಯಿಂಟಿನಲ್ಲಿ ಇಟ್ಟು ನೋಡು ಅಂತ. ಮಾಧವರಂನಲ್ಲೇ ಬೆಳೆದವಳು, ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲೇ.

ಅಲ್ಲಿ ಆಗತಾನೇ ಚಟ್ನಿ ರುಬ್ಬಿದ್ದೆ, ಕರೆಂಟ್ ಇದ್ದೇ ಇತ್ತು. ಆದರೂ ಟೆಸ್ಟರ್ ಬೆಳಗಲಿಲ್ಲ. ಕೆಟ್ಟಿದ್ದು ಅದೇ. ಮಗಳು ತನ್ನ ಹ್ಯಾಂಡ್‌ಬ್ಯಾಗಿನಿಂದ ಬೇರೊಂದು ಟೆಸ್ಟರ್ ತೆಗೆದು, ಮಿಕ್ಸಿ ಪಾಯಿಂಟಿನಲ್ಲಿ ಉರಿಸಿ ನೋಡಿ, ಆಮೇಲೆ ಗೀಸರಿನ ತಂತಿಗೆ ತಾಗಿಸಿದಳು. ದೀಪ ಕೆಂಪಗೆ ಹತ್ತಿತು. ನಾನು ಆಫ್ ಮಾಡಿದ್ದು ಗೀಸರಿನದಲ್ಲ, ಪಕ್ಕದ ಬ್ರೇಕರ್.

ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಟೆಸ್ಟರನ್ನು ನಂಬುವ ಮುಂಚೆ ಅದನ್ನೇ ಪರೀಕ್ಷಿಸಬೇಕೆಂದು ಇವಳಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದೆ. ಬ್ಯಾಂಕಿಗೆ ಹೋಗುವ ಹುಡುಗಿ ಬಾಚಣಿಗೆಯ ಜೊತೆ ಟೆಸ್ಟರನ್ನೂ ಇಟ್ಟುಕೊಂಡು ಓಡಾಡುತ್ತಾಳೆಂದು ಮಾತ್ರ ಗೊತ್ತಿರಲಿಲ್ಲ.

"ಮಗಳಿಗೆ ಕನ್ನಡ ಹತ್ತಲೇ ಇಲ್ಲವಲ್ಲ" ಎಂದು ಮೂಗು ಮುರಿಯುವ ನೆಂಟರ ಮುಂದೆ ಈಗ ಅವಳ ಬ್ಯಾಗ್ ತೆಗೆಸಿ ಆ ಟೆಸ್ಟರ್ ತೋರಿಸುತ್ತೇನೆ. ತಾಯಿಯಿಂದ ಅವಳಿಗೆ ಬಂದದ್ದು ಅದು.