ಅಯ್ಯಾರ ಹಲ್ಲು, ಗೋಕಾಕದ ಕರದಂಟು

ಆಗ ನನಗ ಹತ್ತೊಂಬತ್ತು. ಅದಾಗಿ ಈಗ ಅರವತ್ತು ವರ್ಷಾತು. ಅಕ್ಷರ ನನಗ ಅಷ್ಟಕ್ಕಷ್ಟ. ಬರದದ್ದು ಸೊಟ್ಟ ಕಂಡರ ಕುತ್ತಿಗಿ ಸೊಟ್ಟ ಮಾಡಿ ಓದ್ಕೊಳ್ರಿ.

ಹಲ್ಲು ನನ್ನ ಗಂಡಂದು, ಹಸಿವಿ ನಂದು. ಹೆಂಗಂತೀರಿ? ನಮ್ಮನಿಯವರು ಅರಭಾವಿ ಕಡೆ ಒಂದು ಸಣ್ಣ ಹಳ್ಳಿ ಮಠದ ಅಯ್ಯಾರು, ಸಂಸಾರಸ್ಥ ಜಂಗಮರು. ಊರ ಮಂದಿ ಅವರಿಗೆ ಉಣಿಸಿ ತಾವು ಉಣ್ತಿದ್ದರು. ಮನ್ಯಾಗ ಅವರು ಉಂಡಮ್ಯಾಲೆ ನಾ ಉಣ್ತಿದ್ದೆ, ಅದು ಮನಿ ಕಟ್ಟಳಿ. ಹಿಂಗಿರಬೇಕಾದರ ಅವರ ದವಡಿ ಹಲ್ಲು ಎದ್ದು ನೋಯಾಕ ಹತ್ತಿತು. ಅವರು ಊಟ ಬಿಟ್ಟರು. ನನ್ನ ಹಲ್ಲೆಲ್ಲಾ ಗಟ್ಟಿ, ಆದರೂ ನನಗ ಉಪವಾಸ. ಶೇಂಗಾ ತಿಂದರ ಅದು ಊಟ ಅಲ್ಲ ಅಂತ ನನಗ ನಾನೇ ತೀರ್ಪು ಕೊಟ್ಕೊಂಡು ಎರಡು ದಿನ ತಳ್ಳಿದೆ. ಮೂರನೇ ದಿನ, "ನಡೀರಿ, ಗೋಕಾಕಕ್ಕ ಹೋಗಿ ಕೀಳಿಸ್ಕೊಂಡು ಬರೂಣು" ಅಂದೆ. ಗಂಡನ ಮ್ಯಾಲೆ ಎಷ್ಟು ಪ್ರೀತಿ ಅಂದಳು ಬಾಜೂ ಮನ್ಯಾಕಿ. ನನ್ನ ಹೊಟ್ಟಿ ಸಪ್ಪಳ ಆಕಿಗೆ ಕೇಳಿರಲಿಲ್ಲ.

ಗೋಕಾಕದಾಗ ದಾರಿ ಕೇಳಿದರ ಎಡಾ ಬಲಾ ಅನ್ನಾಂಗಿಲ್ಲ, ಮಠ ತೋರಸ್ತಾರ. ಸಂತಿ ಎಲ್ಲಿ? ದೊಡ್ಡಮಠದ ಹಿಂದ. ಬಾವಿ? ಸಣ್ಣಮಠದ ಮುಂದ. ಹಲ್ಲು ಕೀಳಾಂವ? ಎರಡೂ ಮಠದ ನಡುವಿನ ಓಣ್ಯಾಗ. ಆ ಓಣಿ ಹುಟ್ಟಿದ್ದು ಹಿಂಗಂತ: ಯಾವುದೋ ಕಾಲಕ್ಕ ಬೆತ್ತ ಜೋಳಿಗಿ ಹಿಡಕೊಂಡು ಒಂದಿಷ್ಟು ಅಯ್ಯಗೋಳು ಬಂದು ಮಠ ಕಟ್ಟಿದರು. ಮಠದ ಸುತ್ತ ಮನಿ ಎದ್ದವು, ಮನ್ಯಾಗ ಮಕ್ಕಳು ಹುಟ್ಟಿದರು, ಮಕ್ಕಳು ಜೋಳಿಗಿ ಇಟ್ಟು ತಕ್ಕಡಿ ಹಿಡದರು. ಹಿರೇರದು ಎಲ್ಲಾ ಬಿಟ್ಟರೂ ಒಂದು ಬಿಡಲಿಲ್ಲ. ಶ್ರಾವಣ ಸೋಮವಾರ ಪರವೂರ ಅಯ್ಯ ಉಣ್ಣೂತನಕಾ ಆ ಓಣ್ಯಾಗ ಯಾರೂ ತುತ್ತು ಎತ್ತಾಂಗಿಲ್ಲ. ಓಣಿ ತುಂಬ ಅಯ್ಯಗೋಳೇ, ಆದರ ಅವರು ಲೆಕ್ಕಕ್ಕಿಲ್ಲ.

ನಾವು ಹೋದದ್ದು ಶ್ರಾವಣ ಸೋಮವಾರ. ವರ್ಷಾ ಬರೂ ಹುಕ್ಕೇರಿ ಅಯ್ಯ ಆ ಸಲ ಬಂದಿದ್ದಿಲ್ಲ. ಹೊತ್ತು ನೆತ್ತಿ ದಾಟಿತ್ತು. ಹೂರಣದ ವಾಸನಿ ಓಣಿ ತುಂಬಿತ್ತು, ಕಟ್ಟಿ ತುಂಬ ಹಸದ ಮಂದಿ ದಾರಿ ನೋಡ್ಕೋತ ಕುಂತಿತ್ತು. ನಮ್ಮನಿಯವರ ಕಾವಿ ರುಮಾಲು ಕಂಡದ್ದೇ ತಡ, "ಅಯ್ಯಾರು ಬಂದ್ರು! ನೀರು ತರ್ರೆ!" ಅಂತ ಓಣಿಗೆ ಓಣಿ ಎದ್ದಿತು. ಹಲ್ಲು ಕೀಳಾವನ ಮನಿ ಕೇಳೂದರೊಳಗ ಇವರ ಕಾಲು ತೊಳದು, ಮಣಿ ಮ್ಯಾಲೆ ಕೂಡ್ರಿಸಿ, ತಾಟಿಗೆ ಹೋಳಗಿ ಹಾಕಿ, ಕೈಗೊಂದು ಕರದಂಟಿನ ತುಂಡು ಕೊಟ್ಟಾಗಿತ್ತು. ಗದ್ದಕ್ಕ ಪಂಜೆ ಬಿಗದಿದ್ದ ಇವರು "ಹ್ಹೂಂ, ಹ್ಹೂಂ" ಅಂತ ನರಳಿದರು. ಮಂದಿ ಕೈ ಮುಗೀತು.

"ಅವರಿಗೆ ಹಲ್ಲು ನೋಯಾಕತ್ತೈತ್ರಿ. ಉಣ್ಣಾಕ ಆಗಾಂಗಿಲ್ಲ" ಅಂದೆ.

ಒಂದು ಕೂಸು ಅಳಾಕ ಹತ್ತಿತು.

"ಹಂಗಾರ ಮೊದಲ ಹಲ್ಲು ಕೀಳಸ್ರಿ" ಅಂದ ಒಬ್ಬಾಂವ.

"ಕೀಳಾಂವ ನಾನೇರಿ" ಅಂತ ಕಂಬಕ್ಕ ಆತು ಕುಂತಾಂವ ಅಂದ. "ಉಪವಾಸಲೇ ಕೈ ನಡಗತಾವ. ನಾ ಉಣ್ಣದ ಕೀಳಾಂಗಿಲ್ಲ."

ಅಯ್ಯ ಉಣ್ಣದ ಅವಾ ಉಣ್ಣಾಂಗಿಲ್ಲ, ಅವಾ ಉಣ್ಣದ ಹಲ್ಲು ಬರಾಂಗಿಲ್ಲ, ಹಲ್ಲು ಬರದ ಅಯ್ಯ ಉಣ್ಣಾಂಗಿಲ್ಲ. ಪರವೂರಾಂವ ಹಸದು ಹೋಗಬಾರದು ಅಂತ ಯಾರೋ ಪುಣ್ಯಾತ್ಮ ಮಾಡಿದ ಕಟ್ಟಳಿ ಊರಿನವರನ್ನೆಲ್ಲಾ ಹಸವಿಲೇ ಕೊಲ್ಲಾಕ ನಿಂತಿತ್ತು.

ಆವಾಗ ನಿಂಬೆವ್ವ ಅಂಬೂ ಬೊಚ್ಚು ಬಾಯಿ ಮುದುಕಿ ನನ್ನ ಕಡೆ ಬಟ್ಟು ಮಾಡಿದಳು. "ಗಂಡ ಅಯ್ಯ ಆದ್ರ ಇಕಿ ಯಾರು? ಬಾಯಿ ಗಟ್ಟಿ ಐತಿ, ಆಗಿಂದ ಕೇಳಾಕತ್ತೇನಿ. ಅಮ್ಮಾರು ಉಣ್ಣಲಿ."

"ಹಿಂದ ಯಾರೂ ಹಂಗ ಮಾಡಿಲ್ಲಬೇ" ಅಂದ ಓಣಿ ಹಿರಿಯ.

"ಹಿಂದಿನವ್ರು ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ರೋ, ಮುದಿಯಾ!"

ಎಲ್ಲಾರೂ ನನ್ನ ನೋಡಿದರು. ಇವರು ಕಣ್ಣಿಲೇ ಬ್ಯಾಡ ಅಂದರು. ನಾ ಹೋಳಗಿ ಮುರದೆ.

ಗಂಡಗಿಂತ ಮೊದಲ ನಾ ತುತ್ತು ಎತ್ತಿದ್ದು ಅದೇ ಮೊದಲು. ಭೂಮಿ ಬಿರೀಲಿಲ್ಲ. ಓಣಿ ಮಂದಿ ನನ್ನ ಗಂಟಲು ಇಳಿಯೂದು ನೋಡಿ, ತಂತಮ್ಮ ತಾಟಿಗೆ ಓಡಿತು. ನಾ ಮೂರನೇ ಹೋಳಗಿಗೆ ತುಪ್ಪ ಹಾಕಿಸ್ಕೊಂಡಾಗ ಇವರಿಗೆ ತಡೀಲಿಲ್ಲ. ಕೈಗೆ ಕೊಟ್ಟಿದ್ದ ಕರದಂಟಿನ ತುಂಡು ಸಿಟ್ಟಿಲೇ ಬಾಯಿಗೆ ಹಾಕ್ಕೊಂಡು ಕಚ್ಚಿದರು. ಗೋಕಾಕದ ಅಂಟು ಅದು, ಹಿಡದರ ಬಿಡಾಂಗಿಲ್ಲ. ಕಣ್ಣು ಮ್ಯಾಲೆ ಹೋದವು. ಎರಡೂ ಕೈಲೇ ಜಗ್ಗಿದರು. ಬಂತು. ಬೆಲ್ಲ ಕೊಬ್ಬರಿ ನಡುವ ಹಲ್ಲು ಉತ್ತತ್ತಿ ಬೀಜದಂಗ ಕುಂತಿತ್ತು.

ಹಲ್ಲು ಕೀಳಾಂವ ಹೊಟ್ಟಿ ತುಂಬ ಉಂಡು ಡೇಗಿ ಕೊಟ್ಕೋತ ಇಕ್ಕಳ ತಂದು, ನೋಡಿ, ಮಾರಿ ಸಣ್ಣದು ಮಾಡಿದ. ಹಿರಿಯ ಆ ತುಂಡು ಕಣ್ಣಿಗೆ ಒತ್ಕೊಂಡು, "ಅಯ್ಯಾರ ಹಲ್ಲು, ಮಠದಾಗ ಇಡೂಣು" ಅಂದ.

"ಇಡ್ರಿ, ಇರುವಿ ಹತ್ತತಾವ" ಅಂದೆ. ಇಟ್ಟರೋ ಒಗದರೋ ನನಗ ಗೊತ್ತಿಲ್ಲ.

ಸಂಜಿಕ ಚಕ್ಕಡ್ಯಾಗ ಬಾತ ಗಲ್ಲ ಹಿಡಕೊಂಡು ಇವರು ಅಂದರು: "ಓಣ್ಯಾಗ ಆದದ್ದು ಓಣಿಗೆ. ಮನ್ಯಾಗ ಮನಿ ಕಟ್ಟಳಿ."

ನಾ ಹೂಂ ಅಂದೆ. ಹೊಟ್ಟಿ ತುಂಬಿದಾಗ ಹೂಂ ಅನ್ನೂದು ಸಲೀಸು.

ಮರುದಿನ ಮುಂಜಾನೆ ಒಲಿ ಹಚ್ಚಿದೆ. ಮೊದಲನೇ ರೊಟ್ಟಿ ಹಂಚಿನಿಂದ ಇಳಿಸಿ, ಬೆಣ್ಣಿ ಹಚ್ಚಿ, ಒಲಿ ಮುಂದ ಕುಂತು ಅವರು ನೋಡೂವಂಗ ತಿಂದೆ. ಆಮ್ಯಾಲೆ ಎರಡನೇದು ಅವರಿಗೆ ಬಡದೆ.